ಭಾವನ ತಟ್ಟೆ

ಮಾರ್ಚ್ ೩, ಮಂಗಳವಾರ

ಸಣ್ಣ ದನಿಯಲ್ಲೇ ಹೇಳಬೇಕು. ಅಡುಗೆಮನೆಗೂ ಆ ಕೋಣೆಗೂ ನಡುವೆ ಇರುವುದು ಒಂದು ಪರದೆ. ಪರದೆಯ ಆಚೆ ಅಕ್ಕ, ಭಾವ. ಈಚೆ ಒಲೆ, ಸಿಂಕು, ನಾನು. ಬರೆಯೋಣವೆಂದರೆ ಕೆಲಸದ ಲಾಂಡ್ರಿಯಲ್ಲಿ ಬಿಸಿ ಹಾಸು ಹಿಡಿದು ಹಿಡಿದು ಬೆರಳ ತುದಿಯೆಲ್ಲ ಒಡೆದಿದೆ, ಪೆನ್ನು ಹಿಡಿದರೆ ಉರಿ. ಅದಕ್ಕೇ ಫೋನಿಗೆ ಹೇಳುತ್ತಿದ್ದೇನೆ. ಕೇಳುವವರು ಯಾರೂ ಇಲ್ಲ, ಅದೇ ಒಳ್ಳೆಯದು.

ಇವತ್ತು ಡಾಕ್ಟರ ಹತ್ತಿರ ಹೋಗಿದ್ದೆವು, ಅಕ್ಕ ನಾನು ಇಬ್ಬರೇ. ಕಕ್ಕಸಿಗೆ ಹೋದಾಗ ರಕ್ತ ಬೀಳುತ್ತಿದೆ ಎಂದು ಹೋದ ವಾರ ಅಕ್ಕನಿಗೆ ಹೇಳಿದ್ದೆ. ಅಕ್ಕನಿಗೆ ಮಾತ್ರ, ಅದೂ ನೆಲ ನೋಡಿಕೊಂಡು. ಮರುದಿನ ಬೆಳಿಗ್ಗೆ ಭಾವ ಹಲ್ಲುಜ್ಜುತ್ತಾ ಬಂದು, "ಏನ್ ಭಾಮೈದ, ಹಿಂಬಾಗಿಲು ರಿಪೇರಿಗೆ ಬಂದಿದ್ಯಂತೆ" ಎಂದ. ಅಕ್ಕ ಸಿಂಕಿನ ಮುಂದೆ ನಿಂತು ನಗು ತಡೆದುಕೊಂಡಳು. ನನ್ನ ಗುಟ್ಟು ಪರದೆ ದಾಟುವುದಕ್ಕೆ ಒಂದು ರಾತ್ರಿ ಸಾಕಾಯಿತು.

ಎದುರಿಗೆ ನಾನು ಅವನಿಗೆ ನೀವು, ಬನ್ನಿ, ಕೂತ್ಕೊಳ್ಳಿ ಅನ್ನುತ್ತೇನೆ. ಇಲ್ಲಿ ಮಾತ್ರ ಅವನು, ಇವನು. ಇದು ನನ್ನ ಫೋನು.

"ಮನೇಲಿ ಯಾರಿಗಾದ್ರೂ ಕರುಳಿನ ತೊಂದ್ರೆ ಇತ್ತಾ?" ಎಂದರು ಡಾಕ್ಟರು.

"ನಮ್ಮಮ್ಮನಿಗೆ" ಎಂದಳು ಅಕ್ಕ. "ಕರುಳಲ್ಲಿ ಗಡ್ಡೆ. ನಲವತ್ತೂ ತುಂಬಿರ್ಲಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಕೊಲೊನೋಸ್ಕೋಪಿ ಮಾಡಬೇಕು, ಹಿಂದಿನಿಂದ ಒಂದು ಕೊಳವೆ ಬಿಟ್ಟು ದೊಡ್ಡ ಕರುಳನ್ನು ಪೂರ್ತಿ ನೋಡಬೇಕು, ಕೊಳವೆಯ ತುದಿಯಲ್ಲಿ ಕ್ಯಾಮೆರಾ ಇರುತ್ತದೆ ಎಂದು ಬಿಡಿಸಿ ಹೇಳಿದರು. ಹಿಂದಿನ ದಿನ ಹೊಟ್ಟೆ ಖಾಲಿ ಮಾಡಿಸುವ ಔಷಧಿ. ಆಮೇಲೆ ಅಕ್ಕನ ಕಡೆ ತಿರುಗಿ, "ನೀವೂ ಒಂದ್ಸಲ ಮಾಡಿಸ್ಕೋಬೇಕಮ್ಮ. ಇಂಥದ್ದು ಮನೆತನದಲ್ಲಿ ಬರತ್ತೆ" ಎಂದರು.

"ಮೊದ್ಲು ಇವನ್ದು ಮುಗೀಲಿ" ಎಂದಳು ಅಕ್ಕ, ಕೈಚೀಲದ ಜಿಪ್ಪು ಎಳೆಯುತ್ತಾ.

ಪರೀಕ್ಷೆಗೆ ಮುಂಚೆ ಮಂಪರು ಬರಿಸುವ ಸೂಜಿ ಚುಚ್ಚುತ್ತಾರಂತೆ, ಅದು ಇಳಿಯುವ ತನಕ ಮನೆಯವರೊಬ್ಬರು ಜೊತೆಗಿರಲೇಬೇಕಂತೆ. "ನಾನಿರ್ತೀನಿ" ಎಂದಳು ಅಕ್ಕ. ನನಗೆ ಆಗ ಭಯಕ್ಕಿಂತ ಖುಷಿಯೇ ಹೆಚ್ಚಾಯಿತು. ಕೆಲಸಕ್ಕೆಂದು ಈ ಪರವೂರಿಗೆ, ಅಕ್ಕನ ಮನೆಗೆ ಬಂದ ಮೇಲೆ ಒಂದಿಡೀ ದಿನ ಅಕ್ಕ ನನಗೊಬ್ಬನಿಗೇ ಸಿಕ್ಕಿದ್ದೇ ಇಲ್ಲ.

ಮಾರ್ಚ್ ೬, ಶುಕ್ರವಾರ

ರಜೆ ಕೇಳಿದೆ. ನಮ್ಮದು ಹೋಟೆಲುಗಳ ಹಾಸು, ಟವೆಲು ಒಗೆಯುವ ದೊಡ್ಡ ಲಾಂಡ್ರಿ. ಭಾವ ಒದ್ದೆ ಕಡೆ, ಅಂದರೆ ತೊಳೆಯುವ ಯಂತ್ರಗಳ ಕಡೆ. ನಾನು ಒಣ ಕಡೆ, ಬಿಸಿ ರೋಲರಿನಿಂದ ಹೊರಗೆ ಬರುವ ಹಾಸನ್ನು ಹಿಡಿದು ಮಡಚುವವನು. ಕೆಲಸ ಕೊಡಿಸಿದ್ದು ಭಾವನೇ, ಅದನ್ನು ಯಾರೂ ನನಗೆ ಮರೆಯಲು ಬಿಡುವುದಿಲ್ಲ.

ಮೊದಲ ದಿನ ನಾನು ಅವನನ್ನು "ಭಾವಾ" ಎಂದು ಕೂಗಿದ್ದನ್ನು ಕೇಳಿ, ಅದೇ ಅವನ ಹೆಸರೆಂದುಕೊಂಡು ಸೂಪರ್‌ವೈಸರಮ್ಮನೂ ಭಾವ ಅನ್ನತೊಡಗಿದಳು. ಈಗ ಲಾರಿಯವನಿಗೂ ಭಾವ, ಗೇಟಿನವನಿಗೂ ಭಾವ. ನಮ್ಮ ಭಾಷೆಯ ಒಂದಕ್ಷರ ಬಾರದ ಅಷ್ಟೂ ಜನ ಲೆಕ್ಕಕ್ಕೆ ನನ್ನ ಅಕ್ಕನ ತಮ್ಮಂದಿರು. ನನಗೆ ಅಲ್ಲಿ ಹೆಸರಿಲ್ಲ. ನಾನು ಭಾವನ ಹುಡುಗ.

ರಜೆ ಕೇಳಿದರೆ ಸೂಪರ್‌ವೈಸರಮ್ಮ, "ಭಾವನಿಗೆ ಹೇಳಿದ್ದೀಯಾ?" ಎಂದಳು.

ನನ್ನ ಕರುಳು, ನನ್ನ ರಜೆ, ಒಪ್ಪಿಗೆ ಮಾತ್ರ ಭಾವನದು. ಹಾಸಿನ ಮೂಲೆಗಳನ್ನು ಇವತ್ತು ಎಷ್ಟು ಜೋರಾಗಿ ಎಳೆದೆನೆಂದರೆ ಎದುರಿನ ಮೂಲೆ ಹಿಡಿದಿದ್ದವಳು ಒಂದು ಹೆಜ್ಜೆ ಮುಗ್ಗರಿಸಿ, ನನ್ನನ್ನು ದುರುಗುಟ್ಟಿ ನೋಡಿದಳು.

ಮಾರ್ಚ್ ೯, ಸೋಮವಾರ

ಪಥ್ಯ ಶುರು. ಸಿಪ್ಪೆ ಬೇಡ, ಬೀಜ ಬೇಡ, ಕಾಳು ಬೇಡ, ಸೊಪ್ಪು ಬೇಡ. ಸಿಪ್ಪೆ, ಬೀಜ ಕರುಳಿಗೆ ಅಂಟಿಕೊಂಡು ಕ್ಯಾಮೆರಾಕ್ಕೆ ಅಡ್ಡ ಬರುತ್ತವಂತೆ. ಅಕ್ಕ ಕೆಲಸದಿಂದ ಬಂದವಳೇ ಚೀಲ ಬದಿಗಿಟ್ಟು ನನಗಾಗಿ ಆಲೂಗಡ್ಡೆಯ ಸಿಪ್ಪೆ ತೆಗೆದಳು, ಟೊಮೇಟೊ ಕುದಿಸಿ ಸೋಸಿ ಬೀಜ ಬೇರೆ ಮಾಡಿದಳು. ಅವಳು ಬಟ್ಟೆ ಸರಿಪಡಿಸುವ ಅಂಗಡಿಯಲ್ಲಿ ದಿನವಿಡೀ ಪ್ಯಾಂಟುಗಳ ಕಾಲು ಮೊಟಕು ಮಾಡುವವಳು. ಬಂದ ಮೇಲೂ ಅದೇ ನಾಜೂಕಿನ ಕೈ. ನಾನು ಬಾಗಿಲ ಹತ್ತಿರ ಕೂತು ನೋಡುತ್ತಿದ್ದೆ. ಚಿಕ್ಕಂದಿನಲ್ಲಿ ದ್ರಾಕ್ಷಿಯ ಬೀಜವನ್ನೂ ಹೀಗೇ ತೆಗೆದು ಬಾಯಿಗೆ ಹಾಕುತ್ತಿದ್ದಳು.

ಅಷ್ಟರಲ್ಲಿ ಭಾವ ಬಂದ. ಸೊಂಟ ಹಿಡಿದುಕೊಂಡು, "ಒದ್ದೆ ಗಂಟು ಎತ್ತಿ ಎತ್ತಿ ನಡುವೇ ಬಿದ್ದೋಯ್ತು ಕಣೇ" ಎಂದ.

"ರೀ, ಮಲಗಿ, ಬಂದೆ" ಎಂದಳು ಅಕ್ಕ. ಒಲೆಯ ಮೇಲಿದ್ದ ನನ್ನ ಪಾತ್ರೆ ಇಳಿಸಿ, ಅವನ ಸೊಂಟಕ್ಕೆ ಶಾಖ ಕೊಡಲು ನೀರಿಟ್ಟಳು.

ನನ್ನ ಆಲೂಗಡ್ಡೆ ಅರ್ಧ ಬೆಂದು ಕೂತಿತು. ನನ್ನಂತೆ.

ಮಾರ್ಚ್ ೧೧, ಬುಧವಾರ

ಬೆಳಿಗ್ಗೆಯಿಂದ ಬರೀ ನೀರು, ಸೋಸಿದ ತಿಳಿಸಾರು, ಹಾಲಿಲ್ಲದ ಟೀ. ಸಂಜೆ ಔಷಧಿ. ಪುಡಿಯನ್ನು ದೊಡ್ಡ ಜಗ್ಗಿನಲ್ಲಿ ಕದಡಿ ಲೋಟ ಲೋಟವಾಗಿ ಕುಡಿಯುವುದು. ಮೊದಲ ಲೋಟ ಉಪ್ಪು ಹೆಚ್ಚಾದ ನಿಂಬೆಹಣ್ಣಿನ ಪಾನಕ. ಎರಡನೆಯದು ಸಮುದ್ರ. ಮೂರನೆಯದು, ಯಾರೋ ಕೈಕಾಲು ತೊಳೆದ ಸಮುದ್ರ. ಆಮೇಲೆ ಹೊಟ್ಟೆಯೊಳಗೆ ಲಾಂಡ್ರಿಯ ಯಂತ್ರವೇ ತಿರುಗಿತು.

ಕಕ್ಕಸು ಇರುವುದು ಕಾರಿಡಾರಿನ ಕೊನೆಗೆ, ನಮಗೂ ಎದುರುಮನೆಯ ಟ್ಯಾಕ್ಸಿಯವನಿಗೂ ಸೇರಿ ಒಂದೇ. ನಾನು ಓಡುವುದು, ಬರುವುದು, ಕೂರುವ ಮುಂಚೆ ಮತ್ತೆ ಓಡುವುದು. ಟ್ಯಾಕ್ಸಿಯವನು ಬಾಗಿಲು ಬಡಿದು, "ಒಳಗಡೆ ಮನೆ ಮಾಡ್ಕೊಂಡಿದ್ಯೇನಪ್ಪ, ಬಾಡಿಗೆ ಕೊಡ್ತೀಯಾ?" ಎಂದ.

ಇದೆಲ್ಲ ಸಹಿಸುತ್ತಿದ್ದೆ. ಎರಡನೇ ಲೋಟ ಕೈಯಲ್ಲಿದ್ದಾಗ ಅಕ್ಕ ಬಂದು ಪಕ್ಕದಲ್ಲಿ ಕೂತಳು.

"ಮರಿ, ನಾಳೆ ನಾನು ಬರಕ್ಕಾಗಲ್ಲ ಕಣೋ. ಅಂಗಡೀಲಿ ತುಂಬಾ ಕೆಲ್ಸ ಬಂದ್ಬಿಟ್ಟಿದೆ. ನಿಮ್ ಭಾವ ಬರ್ತಾರೆ. ಇವತ್ತು ರಾತ್ರಿ ಪಾಳಿ ಮಾಡಿ ನಾಳೆ ರಜೆ ಬದಲಾಯಿಸ್ಕೊಂಡಿದಾರೆ."

"ನೀನು ಬರ್ತೀನಿ ಅಂದಿದ್ದೆ."

"ಅಂದಿದ್ದೆ. ಆಗಲ್ಲ."

ನನ್ನ ಕಣ್ಣು ತಪ್ಪಿಸಿ ಎದ್ದು ಒಲೆಯ ಹತ್ತಿರ ಹೋದಳು. ಮಾಡಿದ್ದು ಯಾವ ಅಡುಗೆ? ಅವನಿಗಿಷ್ಟವಾದ ಕಾಳಿನ ಪಲ್ಯ. ಅನ್ನದ ಮೇಲೆ ಹಾಕಿ, ಇನ್ನೊಂದು ತಟ್ಟೆ ಮುಚ್ಚಿ, "ಬಂದಾಗ ಬಿಸಿ ಮಾಡ್ಕೊಳ್ತಾರೆ" ಎಂದು ಒಲೆಯ ಪಕ್ಕ ಇಟ್ಟು ಮಲಗಲು ಹೋದಳು. ಒಲೆಯ ಪಕ್ಕವೆಂದರೆ ನನ್ನ ಹಾಸಿಗೆಯ ತಲೆದೆಸೆ. ಮೂರು ದಿನದಿಂದ ಸಿಪ್ಪೆ ಸುಲಿದದ್ದನ್ನೇ ತಿಂದು ಈಗ ಸಮುದ್ರ ಕುಡಿದು ಬಿದ್ದಿರುವವನ ಮೂಗಿನ ಪಕ್ಕ ಅವನ ಪಲ್ಯ.

ತಿಂದೆ.

ಹಸಿವಿಗೆ ಎಂದರೆ ಸುಳ್ಳಾಗುತ್ತದೆ. ಸಮುದ್ರದ ಉಪ್ಪು ಇನ್ನೂ ನಾಲಿಗೆಯ ಮೇಲೇ ಇತ್ತು. ಆದರೂ ಒಂದು ಕಾಳು ಬಿಡದೆ, ತಟ್ಟೆ ತೊಳೆದಿಟ್ಟಂತೆ ಕಾಣುವವರೆಗೆ ಬಳಿದು ತಿಂದೆ. ಖಾಲಿ ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟೆ. ಅವನಿಗೆಂದು ಅಕ್ಕ ಇಟ್ಟದ್ದು ಅವನಿಗೆ ಸಿಗಬಾರದು, ಅಷ್ಟೇ.

ನಡುರಾತ್ರಿ ದಾಟಿ ಈಗಷ್ಟೇ ಅವನು ಬಂದ. ನಾನು ಕಣ್ಣು ಮುಚ್ಚಿ ಬಿದ್ದುಕೊಂಡಿದ್ದೆ. ಮುಚ್ಚಳ ಎತ್ತಿದ್ದು ಕೇಳಿಸಿತು. ಮೆಲ್ಲಗೆ ಮತ್ತೆ ಮುಚ್ಚಿದ್ದೂ ಕೇಳಿಸಿತು. ಆಮೇಲೆ ಬ್ರೆಡ್ಡಿನ ಪೊಟ್ಟಣ ಬಿಚ್ಚಿದ ಸದ್ದು. ನಿಂತೇ ಬರೀ ಬ್ರೆಡ್ಡು ತಿಂದು, ನೀರು ಕುಡಿದು, ಪರದೆ ಸರಿಸಿ ಒಳಗೆ ಹೋದ.

ಮಾರ್ಚ್ ೧೨, ಗುರುವಾರ

ಬೆಳಿಗ್ಗೆ ಮಿಕ್ಕ ಅರ್ಧ ಔಷಧಿ ಕುಡಿಯುತ್ತಿದ್ದಾಗ ಅಕ್ಕ ಅವನನ್ನು ಕೇಳಿದಳು, "ರಾತ್ರಿ ಊಟ ಮಾಡಿದ್ರಾ?"

"ಹೂಂ. ಚೆನ್ನಾಗಿತ್ತು" ಎಂದ ಭಾವ.

ಪಾಪ, ಅಕ್ಕ ತಟ್ಟೆಗೆ ಹಾಕುವುದನ್ನೇ ಮರೆತಿದ್ದಾಳೆ, ಹೇಳಿದರೆ ನೊಂದುಕೊಳ್ಳುತ್ತಾಳೆ ಎಂದುಕೊಂಡಿದ್ದಾನೆ. ಔಷಧಿ ಕುಡಿದು ಓಡಾಡುತ್ತಿದ್ದವನು ತಿಂದಿರಬಹುದೆಂದು ಯಾರಿಗೆ ಹೊಳೆಯುತ್ತದೆ? ಎಂಥಾ ನಟ. ಹೀಗೆ ಸುಳ್ಳು ಹೇಳಿಯೇ ಅಕ್ಕನನ್ನು ಗೆದ್ದಿದ್ದಾನೆ. ಈ ಉಪಾಯ ನನಗೆ ಯಾಕೆ ಯಾವತ್ತೂ ಹೊಳೆಯುವುದಿಲ್ಲ?

ಆಸ್ಪತ್ರೆಯಲ್ಲಿ ಹಿಂದೆ ಲಾಡಿ ಕಟ್ಟುವ ಅಂಗಿ ತೊಡಿಸಿದರು, ಕೈಗೆ ಸೂಜಿ ಚುಚ್ಚಿದರು, ಎಡಮಗ್ಗುಲಿಗೆ ಮಲಗಿಸಿದರು. ಔಷಧಿ ಕೈಯಿಂದ ಮೇಲೇರುವುದು ತಣ್ಣಗೆ ಗೊತ್ತಾಯಿತು. ಆಮೇಲೆ ಗೊತ್ತಾದದ್ದು ಡಾಕ್ಟರ ದನಿ. ನನ್ನ ಮಂಚದ ಪಕ್ಕ ನಿಂತು ಭಾವನನ್ನು ವಿಚಾರಿಸುತ್ತಿದ್ದರು.

"ನಿನ್ನೆ ಏನು ಕೊಟ್ಟಿದ್ರಿ ತಿನ್ನಕ್ಕೆ?"

"ಏನೂ ಇಲ್ಲ ಡಾಕ್ಟ್ರೇ. ತಿಳಿಸಾರು, ನೀರು. ನಮ್ಮನೆಯವಳು ಅಷ್ಟು ಕಟ್ಟುನಿಟ್ಟು."

"ಹಾಗಾದ್ರೆ ಕಾಳು ಎಲ್ಲಿಂದ ಬಂತು? ಅಲ್ಲಿ ಕೂತಿದೆ, ಇಲ್ಲಿ ಕೂತಿದೆ. ಸಿಪ್ಪೆ ಬಂದು ಕ್ಯಾಮೆರಾಕ್ಕೆ ಮೆತ್ಕೊಳ್ತು. ಮುಂದೆ ಏನೂ ಕಾಣ್ಸಲಿಲ್ಲ, ನಿಲ್ಸಿದೀವಿ. ಮುಂದಿನ ಗುರುವಾರ ಮತ್ತೆ ಮೊದ್ಲಿಂದ."

ಭಾವ ನನ್ನ ಕಡೆ ತಿರುಗಿದ. ನಾನು ಮಂಪರಿನಲ್ಲಿರುವವನ ಹಾಗೆ ರೆಪ್ಪೆ ಇಳಿಸಿದೆ. ಆದರೆ ಅವನಿಗೆ ಅರ್ಥವಾಗುವುದನ್ನು ನಾನು ರೆಪ್ಪೆಯ ಸಂದಿಯಿಂದಲೇ ನೋಡಿದೆ.

ಬಸ್ಸಿನಲ್ಲಿ ನನ್ನನ್ನು ಕಿಟಕಿ ಪಕ್ಕ ಕೂರಿಸಿದ. ಬಸ್ಸು ಎರಡು ಸ್ಟಾಪು ದಾಟಿತು. ಆಮೇಲೆ ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೇನೋ ಎಂದು ಹೆದರಿದೆ. ನಗುತ್ತಿದ್ದ.

"ಚೆನ್ನಾಗಿತ್ತಾ?" ಎಂದ.

"ಉಪ್ಪು ಕಮ್ಮಿ" ಎಂದೆ.

ಮನೆಗೆ ಬಂದು ಅಕ್ಕನಿಗೆ, "ಔಷಧಿ ಸರಿಯಾಗಿ ಕೆಲ್ಸ ಮಾಡಿಲ್ವಂತೆ, ಇನ್ನೊಂದ್ಸಲ ಮಾಡ್ಬೇಕಂತೆ" ಎಂದ.

ಮಾರ್ಚ್ ೧೪, ಶನಿವಾರ

ಇನ್ನೂ ಹೇಳಿಲ್ಲ ಅವನು. ಹೇಳಿ ಬೈಸಿದ್ದರೆ ಸಮಾಧಾನವಾಗಿ ದ್ವೇಷಿಸಬಹುದಿತ್ತು. ಈಗ ಅದಕ್ಕೂ ಕಲ್ಲು ಹಾಕಿದ.

ಮಾರ್ಚ್ ೧೮, ಬುಧವಾರ

ಎರಡನೇ ಸಲದ ಸಮುದ್ರ.

ಬೆಳಿಗ್ಗೆ ಅಕ್ಕ ಅವನಿಗೆ ತಿಂಡಿ ಕೊಡಲು ಹೋದರೆ, "ಬೇಡ. ಹುಡುಗ ಉಪವಾಸ ಇದಾನೆ, ನಾನೂ ಇರ್ತೀನಿ" ಎಂದ. ಅಕ್ಕನ ಕಣ್ಣಲ್ಲಿ ನೀರೇ ಬಂತು. ಅವಳು ಆ ಕಡೆ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, "ಮನೇಲಿ ತುಂಬಿದ ತಟ್ಟೆಯೇ ಇಲ್ದಿದ್ರೆ ಕೈ ಎಲ್ಲಿಗೆ ಹೋಗತ್ತೆ?" ಎಂದ.

ಆಮೇಲೆ ನಡೆದದ್ದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನು ಗೋಡೆಗೆ ಒರಗಿ ನರಳತೊಡಗಿದ. ಸಂಜೆ ಕೆಲಸದಿಂದ ಬಂದ ಅಕ್ಕ ಚಪ್ಪಲಿ ಬಿಡುವ ಮುಂಚೆಯೇ, "ಅಯ್ಯೋ, ಮುಖ ಎಷ್ಟು ಬಾಡಿದೆ ರೀ" ಎಂದು ಅವನ ಹಣೆ ಮುಟ್ಟಿದಳು. ಅವನ ಹಣೆ. ಜಗ್ಗು ಹಿಡಿದು ಕೂತವನು ನಾನು, ಕಾರಿಡಾರಿನಲ್ಲಿ ಓಡಾಡಿ ಕಾಲು ಸೋತವನು ನಾನು. ಉಪವಾಸ ನನ್ನದು, ಮರುಕ ಅವನಿಗೆ.

"ನನಗೂ ತಲೆ ಸುತ್ತುತ್ತಿದೆ" ಎಂದೆ.

"ನಿನಗೆ ಔಷಧಿ ಇದೆಯಲ್ಲೋ" ಎಂದಳು.

ಕತ್ತಲಾದ ಮೇಲೆ ಅವನು ಒಂದು ಬಕೆಟ್ಟನ್ನು ಬೋರಲು ಹಾಕಿ ಕಕ್ಕಸಿನ ಬಾಗಿಲ ಹೊರಗೆ ಕೂತ. ಟ್ಯಾಕ್ಸಿಯವನು ಬಂದರೆ, "ಸ್ವಾಮಿ, ಇವತ್ತೊಂದು ರಾತ್ರಿ ನಮ್ಮ ಭಾಮೈದನಿಗೆ ಬಿಟ್ಕೊಡಿ. ನಿಮಗೆ ಬೇಕಾದಾಗ ಎರಡು ನಿಮಿಷ ಖಾಲಿ ಮಾಡಿಸ್ಕೊಡ್ತೀನಿ" ಎಂದು ಒಪ್ಪಂದ ಮಾಡಿಕೊಂಡ. ನಾನು ಒಳಗೆ, ಅವನು ಹೊರಗೆ, ನಡುವೆ ಬಾಗಿಲು.

"ಭಾವ, ನೀವು ಹೋಗಿ ಮಲಗಿ."

"ನಾನು ಎದ್ರೆ ಟ್ಯಾಕ್ಸಿ ಒಳಗೆ ನುಗ್ಗತ್ತೆ. ನೀನು ನಿನ್ ಕೆಲ್ಸ ನೋಡ್ಕೋ."

ಮುಖ ಕಾಣದಿದ್ದಾಗ ಕೇಳುವುದು ಸುಲಭ. ಕೇಳಿದೆ. "ಅಕ್ಕ ಯಾಕೆ ಬರಲ್ಲ? ಹೋದ ವಾರವೂ ಅಂಗಡಿ, ಈ ವಾರವೂ ಅಂಗಡಿ ಅಂತಾಳೆ."

ಬಕೆಟ್ಟು ಕಿರುಗುಟ್ಟಿತು.

"ಅಂಗಡಿ ಅಲ್ಲ ಕಣೋ. ಮೊದಲನೇ ಸಲ ನಿನ್ ಜೊತೆ ಡಾಕ್ಟ್ರ ಹತ್ರ ಬಂದಿದ್ಲಲ್ಲ, ನಿನ್ನ ಕೆಲಸಕ್ಕೆ ಕಳಿಸಿ ಬಸ್‌ಸ್ಟಾಪಲ್ಲೇ ವಾಂತಿ ಮಾಡ್ಕೊಂಡ್ಲು. ಆಸ್ಪತ್ರೆ ವಾಸನೆ ಬಂದ್ರೆ ನಿಮ್ಮಮ್ಮ ಮಲಗಿದ್ದ ಆ ವಾರ್ಡೇ ಕಣ್ಣಿಗೆ ಕಟ್ಟತ್ತಂತೆ. ರಾತ್ರಿ ಎಲ್ಲ ಹಾಸು ಬದಲಾಯ್ಸೋದು, ಬೆಳಿಗ್ಗೆ ನಲ್ಲಿ ಹತ್ರ ಒಗೆಯೋದು. ಹದಿನೇಳು ವರ್ಷದ ಹುಡುಗಿ. ಕೊನೇ ದಿನ ಅಮ್ಮ ನಿನ್ನ ಕೇಳಿದ್ರಂತೆ. ನಿದ್ದೆ ಮಾಡ್ತಿದಾನೆ ಅಂದ್ಲಂತೆ ಇವಳು. ನೀನು ದೊಡ್ಡಮ್ಮನ ಮನೇಲಿದ್ದೆ."

ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡಿದೆ.

"ನನಗೆ ಯಾಕೆ ಹೇಳಿಲ್ಲ?"

"ಚಿಕ್ಕವನು ಅಂತ."

"ಇಪ್ಪತ್ತೆರಡು ನನಗೆ."

"ಅವಳ ಲೆಕ್ಕದಲ್ಲಿ ಇನ್ನೂ ಎಂಟು. ಅವಳದೂ ಪರೀಕ್ಷೆ ಆಗ್ಬೇಕು ಕಣೋ. ದಿನಾ ಕೇಳ್ತೀನಿ. ಮರೀದು ಆಗ್ಲಿ, ಮರೀದು ಆಗ್ಲಿ ಅಂತಾಳೆ. ಒಂದು ವಾರ ಮುಂದಕ್ಕೆ ಹೋಯ್ತು." ದನಿ ತಗ್ಗಿಸಿ, "ನನಗೆ ಭಯ ಆಗತ್ತೆ" ಎಂದರು.

ಆ ವಾರ ಯಾಕೆ ಹೋಯಿತೆಂದು ಅವರು ಹೇಳಲಿಲ್ಲ. ಹೇಳುವುದೂ ಬೇಕಿರಲಿಲ್ಲ.

ಹೊಟ್ಟೆ ಈಗ ಖಾಲಿ, ಬರೀ ತಿಳಿನೀರು ಹೋಗುತ್ತಿದೆ. ಮಲಗಿ ಇದನ್ನೇ ಯೋಚಿಸುತ್ತಿದ್ದೇನೆ: ಭಾವ ನಮ್ಮಮ್ಮನನ್ನು ಕಂಡವರೇ ಅಲ್ಲ. ಅವಳ ಕೊನೆಯ ದಿನ ಅವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಪಲ್ಯ ಹೋಗಲಿ, ಶಾಖದ ನೀರು ಹೋಗಲಿ, ಅಮ್ಮನೂ ಪರದೆಯ ಆಚೆಗೇ ಇದ್ದಾಳೆ.

ಮಾರ್ಚ್ ೧೯, ಗುರುವಾರ

ಆಯಿತು. ಈ ಸಲ ನಡುವೆ ಒಂದಿಷ್ಟು ಎಚ್ಚರವಿತ್ತು. ಟಿ.ವಿ.ಯಲ್ಲಿ ಒದ್ದೆ ಒದ್ದೆ ಗುಲಾಬಿ ಬಣ್ಣದ ಸುರಂಗ. ಇದು ನಾನೇನಾ ಎಂದುಕೊಂಡೆ. ಗಾಳಿ ತುಂಬಿ ಹೊಟ್ಟೆ ಬಿಗಿಯಿತು, ನರ್ಸಮ್ಮ ಹೊಟ್ಟೆಯ ಮೇಲೆ ಕೈ ಒತ್ತಿ ಹಿಡಿದಿದ್ದರು. ಒಂದು ತಿರುವಿನಲ್ಲಿ ಕ್ಯಾಮೆರಾ ನಿಂತಿತು. ಗೋಡೆಯ ಮೇಲೆ ಪುಟ್ಟ ಅಣಬೆಯ ಹಾಗೆ ಏನೋ. "ಇದೇ" ಎಂದರು ಡಾಕ್ಟರು. ತಂತಿಯ ಕುಣಿಕೆ ಬಂತು, ಅಣಬೆ ಹೋಯಿತು. ಇನ್ನೊಂದು ತಿರುವಿನಲ್ಲಿ ಇನ್ನೊಂದು.

ಎರಡನ್ನೂ ಪರೀಕ್ಷೆಗೆ ಕಳಿಸಿದ್ದಾರೆ. ಮುಂದಿನ ವಾರ ಗೊತ್ತಾಗುತ್ತದೆ.

ಪೂರ್ತಿ ಎಚ್ಚರವಾದಾಗ ಪಕ್ಕದಲ್ಲಿ ಭಾವ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ರೋಗಿಗೆಂದು ನರ್ಸಮ್ಮ ಇಟ್ಟುಹೋದ ಬಿಸ್ಕತ್ತು. ನಿನ್ನೆಯಿಂದ ಉಪವಾಸವಲ್ಲವೇ, ಪಾಪ, ಕೈ ತಡೆಯಲಿಲ್ಲ. ನಾನು ಕಣ್ಣು ಬಿಟ್ಟದ್ದು ನೋಡಿ ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ ಉಗಿಯಲೂ ಆಗದೆ ಕೂತರು.

"ಚೆನ್ನಾಗಿದೆಯಾ?" ಎಂದೆ.

"ಸಕ್ಕರೆ ಕಮ್ಮಿ" ಎಂದರು.

ನಗಲು ಹೋದರೆ ತುಂಬಿದ್ದ ಗಾಳಿ ಸದ್ದು ಮಾಡಿಕೊಂಡು ಹೊರಬಂತು. ಪಕ್ಕದ ಮಂಚದ ಮುದುಕರು, "ಬಿಡಪ್ಪ ಬಿಡು, ಇಲ್ಲಿ ಎಲ್ಲರದ್ದೂ ಅದೇ ಸಂಗೀತ" ಎಂದರು.

ಮಾರ್ಚ್ ೨೭, ಶುಕ್ರವಾರ

ಕ್ಯಾನ್ಸರಲ್ಲ. ಆದರೆ ಬಿಟ್ಟಿದ್ದರೆ ಮುಂದೆ ಆಗುವಂಥದ್ದು. ತೆಗೆದದ್ದು ಒಳ್ಳೆಯದಾಯಿತು, ಆಗಾಗ ನೋಡಿಸಿಕೊಳ್ಳುತ್ತಿರಬೇಕು ಎಂದರು. "ನಿಮ್ಮಕ್ಕನ್ನ ಕರ್ಕೊಂಡ್ ಬನ್ನಿ. ತಡ ಮಾಡ್ಬೇಡಿ" ಎಂದೂ ಹೇಳಿದರು.

ಮನೆಗೆ ಬಂದು ಹೇಳಿದೆವು. ನನ್ನ ವಿಷಯ ಕೇಳಿ ಅಕ್ಕ ನನ್ನ ತಲೆ ಸವರಿ ಅತ್ತಳು. ಅವಳ ವಿಷಯ ಬಂದಾಗ ಎದ್ದು ಪಾತ್ರೆ ತೊಳೆಯತೊಡಗಿದಳು.

"ನನಗೆ ರಕ್ತವೂ ಇಲ್ಲ, ನೋವೂ ಇಲ್ಲ. ಸುಮ್ನೆ ಯಾಕೆ?"

"ಇವನಿಗೂ ನೋವಿರ್ಲಿಲ್ಲ ಕಣೇ" ಎಂದರು ಭಾವ.

"ಆಮೇಲೆ ನೋಡೋಣ ರೀ."

"ಆಮೇಲೆ ಅಂದ್ರೆ ಯಾವಾಗ ಅಕ್ಕ?" ಎಂದೆ ನಾನು. "ನಾನೇ ಎರಡೆರಡು ಸಲ ಮಾಡಿಸ್ಕೊಂಡೆ. ಭಾವ ಇಷ್ಟು ಹೇಳ್ತಿದಾರೆ, ಕೇಳಬಾರದಾ?"

ಅಕ್ಕ ಸೋಪಿನ ಕೈಯಲ್ಲೇ ತಿರುಗಿದಳು. "ನೀನು ನಂಗೆ ಬುದ್ಧಿ ಹೇಳಕ್ಕೆ ಬರ್ತೀಯಾ? ಎರಡು ಸಲ ಯಾಕಾಯ್ತು ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ? ನಿಮ್ ಭಾವ ಪಲ್ಯದಲ್ಲಿ ಈರುಳ್ಳಿ ತಿನ್ನೋರಲ್ಲ. ಅಂಚಿಗೆ ಸರಿಸ್ತಾರೆ. ಅವತ್ತು ತಟ್ಟೇಲಿ ಒಂದು ಈರುಳ್ಳಿ ಇರ್ಲಿಲ್ಲ. ಯಾವ ಕ್ಯಾಮೆರಾ ಬಿಟ್ರೂ ನಿನ್ ಹೊಟ್ಟೆಕಿಚ್ಚು ಕಾಣಲ್ಲ ಕಣೋ, ತಟ್ಟೆ ತೊಳೆಯೋಳಿಗೆ ಕಾಣತ್ತೆ."

ಭಾವ ಕುಡಿಯುತ್ತಿದ್ದ ನೀರು ನೆತ್ತಿಗೇರಿ ಕೆಮ್ಮತೊಡಗಿದರು. ಯಾರೂ ಅವರ ಬೆನ್ನು ತಟ್ಟಲಿಲ್ಲ.

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಹೌದು, ತಿಂದೆ. ನೀನು ಅವರಿಗೆ ಅಂತ ಇಟ್ಟಿದ್ದೆ, ಅದಕ್ಕೇ ತಿಂದೆ. ನೀನಿದ್ದಾಗಲೇ ಹೀಗೆ. ನೀನು ಹೋಗ್ಬಿಟ್ರೆ ನಾವಿಬ್ರೂ ಈ ಒಂದು ಒಲೆ ಮುಂದೆ ಕೂತು ಏನು ಮಾಡೋಣ ಹೇಳು. ಕಚ್ಚಾಡೋದಕ್ಕೂ ನೀನಿರ್ಬೇಕು."

ಅಕ್ಕ ನಗಲು ಹೋದಳು. ನಗು ಅರ್ಧದಲ್ಲೇ ತಿರುಗಿತು. ಸಿಂಕಿನ ಅಂಚು ಹಿಡಿದು ಹಾಗೇ ನೆಲಕ್ಕೆ ಕುಸಿದು ಕೂತಳು. ಭಾವ ಈ ಕಡೆ, ನಾನು ಆ ಕಡೆ. ಅಡುಗೆಮನೆಯಲ್ಲಿ ಮೂರು ಜನ ಕೂರುವ ಜಾಗವಿಲ್ಲ, ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು.

ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು, "ಮಾಡಿಸ್ಕೋತೀನಿ. ಆದ್ರೆ ಜೊತೆಗೆ ಮರಿ ಬರ್ಲಿ. ನೀವು ಬೇಡ ರೀ. ನಿಮ್ ಮುಖ ನೋಡಿದ್ರೆ ನಾನು ಅತ್ತು ವಾಪಸ್ ಬಂದ್ಬಿಡ್ತೀನಿ."

ನನ್ನನ್ನು ಆರಿಸಿದಳು. ಭಾವ ತಲೆಯಾಡಿಸಿ, "ಆಯ್ತು" ಎಂದು ಎದ್ದು ಕಾರಿಡಾರಿಗೆ ಹೋದರು. ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ.

ಗೆದ್ದೆ. ಮಲಗಿದರೆ ನಿದ್ದೆ ಬರುತ್ತಿಲ್ಲ, ಬಿಸಿಲಿನ ಕಾಲ ಬರುತ್ತಿರಬೇಕು.

ಏಪ್ರಿಲ್ ೮, ಬುಧವಾರ

ಅಕ್ಕನ ಸಮುದ್ರ. ಔಷಧಿಯನ್ನು ಮೊದಲೇ ತಣ್ಣಗೆ ಮಾಡಿಡು, ಮೂಗು ಹಿಡಿದುಕೊಂಡು ಗಂಟಲ ಹಿಂದಕ್ಕೆ ಬಿಡು, ನಡುವೆ ನಿಂಬೆಹೋಳು ಚೀಪು ಎಂದು ಎಲ್ಲ ಹೇಳಿಕೊಟ್ಟೆ. ಬಕೆಟ್ಟಿನ ಕಾವಲಿಗೆ ಭಾವ ಮತ್ತು ನಾನು ಸರದಿಯಲ್ಲಿ. ಟ್ಯಾಕ್ಸಿಯವನು, "ನಿಮ್ಮನೇಲಿ ಇದೇನು ವಂಶಪಾರಂಪರ್ಯವಾ?" ಎಂದ. "ಹೌದು" ಎಂದೆ.

ಈ ರಾತ್ರಿ ಮನೆಯಲ್ಲಿ ಒಲೆ ಹಚ್ಚಲಿಲ್ಲ. ನಾನೂ ಉಣ್ಣಲಿಲ್ಲ, ಭಾವನೂ ಉಣ್ಣಲಿಲ್ಲ. ಯಾರೂ ಯಾರಿಗೂ ಹೇಳಿದ್ದಲ್ಲ.

ಏಪ್ರಿಲ್ ೯, ಗುರುವಾರ

ಆಸ್ಪತ್ರೆಯ ಗೇಟಿನಲ್ಲಿ ಅಕ್ಕ ನಿಂತುಬಿಟ್ಟಳು. ಅವಳ ಕೈ ಹಿಡಿದರೆ ಮಂಜುಗಡ್ಡೆ. ನಾನೇ ಕರೆದುಕೊಂಡು ಹೋದೆ, ಮೂಗಿಗೆ ಸೆರಗು ಒತ್ತಿಕೊಂಡೇ ಬಂದಳು. ಒಳಗಿನ ಬಾಗಿಲು ದಾಟಿ ರೋಗಿಯ ಜೊತೆ ಒಬ್ಬರನ್ನು ಮಾತ್ರ ಬಿಡುತ್ತಾರೆ. ಆ ಒಬ್ಬ ನಾನು.

ಅಂಗಿ ತೊಟ್ಟು ಬಂದು ಮಂಚದ ಮೇಲೆ ಕೂತಳು. ಸರದಿ ಬರಲು ತಡವಿತ್ತು. ನಾನು ಅಮ್ಮನ ವಿಷಯ ಕೇಳಬೇಕೆಂದಿದ್ದೆ. ಕೇಳಲು ಇಂಥ ಸಮಯ ಇನ್ನೊಂದಿಲ್ಲ ಎಂದು ರಾತ್ರಿಯೆಲ್ಲ ಅಂದುಕೊಂಡಿದ್ದೆ. ಅವಳು ಬಿಡಬೇಕಲ್ಲ. ಅಂಗಿಯ ಲಾಡಿ ತಿರುಚುತ್ತಾ, "ಅವರು ಏನಾದ್ರೂ ತಿಂದು ಹೋದ್ರಾ?" ಎಂದಳು. "ಬೂಟಿನೊಳಗೆ ಕಾಲುಚೀಲ ಹಾಕ್ಕೊಂಡ್ರಾ? ಒದ್ದೇಲಿ ನಿಲ್ಲೋ ಕಾಲು." ಮತ್ತೆ, "ಸೊಂಟಕ್ಕೆ ಪಟ್ಟಿ ಕಟ್ಕೊಂಡಿದಾರಾ?" ಮತ್ತೆ, "ಅವರಿಗೆ ಫೋನ್ ಮಾಡ್ಬೇಡ. ಗಾಬರಿ ಆಗ್ತಾರೆ." ಮತ್ತೆ ಕಾಲುಚೀಲ.

ಕೇಳಿ ಕೇಳಿ ನನಗೆ ಸಾಕಾಯಿತು. ಕಾರಿಡಾರಿಗೆ ಬಂದು ಫೋನ್ ಮಾಡಿ, "ಭಾವ, ಬನ್ನಿ" ಎಂದೆ.

"ಏನಾಯ್ತು?"

"ಏನೂ ಆಗಿಲ್ಲ. ನನಗೆ ಬೆನ್ನು ನೋವು, ಇಲ್ಲಿ ಕೂರಕ್ಕಾಗ್ತಿಲ್ಲ. ನಿಮ್ಮ ಪಾಳಿ ನಾನು ನೋಡ್ಕೋತೀನಿ."

ರಬ್ಬರ್ ಬೂಟಿನಲ್ಲೇ ಓಡಿ ಬಂದರು, ನಡೆದಲ್ಲೆಲ್ಲ ನೀರು. ಬಾಗಿಲಿನವನಿಗೆ ಜನ ಬದಲಾಗಿದ್ದಾರೆ ಎಂದು ಹೇಳಿ ಅವರನ್ನು ಒಳಗೆ ಬಿಟ್ಟೆ. ಗಾಜಿನಿಂದ ನೋಡಿದೆ. ಅಕ್ಕ ಅವರ ಮುಖ ನೋಡಿ ಅತ್ತೇ ಅತ್ತಳು. ಎದ್ದು ಮಾತ್ರ ಬರಲಿಲ್ಲ.

ಲಾಂಡ್ರಿಯಲ್ಲಿ ಮೊದಲ ಸಲ ಒದ್ದೆ ಕಡೆ ನಿಂತೆ. ಒದ್ದೆ ಹಾಸಿನ ಗಂಟು ಇಷ್ಟು ಭಾರವೆಂದು ಗೊತ್ತಿರಲಿಲ್ಲ, ಎರಡೇ ಗಂಟಿಗೆ ನಡು ಹಿಡಿಯಿತು. ನಾಲ್ಕನೆಯ ಯಂತ್ರ ತುಂಬುತ್ತಿದ್ದಾಗ ಫೋನು ಬಂತು.

"ಏನೂ ಇಲ್ವಂತೆ" ಎಂದರು ಭಾವ. "ಎಲ್ಲಾ ಸ್ವಚ್ಛವಾಗಿದೆಯಂತೆ. ಒಂದು ಚುಕ್ಕೀನೂ ಇಲ್ವಂತೆ."

ನಾನು ಗಂಟಿನ ಮೇಲೆ ಕೂತುಬಿಟ್ಟೆ. ಪ್ಯಾಂಟು ಒದ್ದೆಯಾಯಿತು. "ಎದ್ದಿದಾಳಾ?"

"ಎದ್ದಿದಾಳೆ." ಒದ್ದೆ ಬೂಟು ಕಾರಿಡಾರಿಗೆ ಬಂದ ಸದ್ದು ಕೇಳಿಸಿತು. "ಕಣ್ಣು ಬಿಟ್ಟ ತಕ್ಷಣ ಮರಿ ಎಲ್ಲಿ ಅಂದ್ಲು. ನಾನು ಕೈ ಹಿಡ್ಕೊಂಡೇ ಕೂತಿದ್ದೆ ಕಣೋ. ನನ್ ಮುಖ ನೋಡಿ, ಮರಿ ಎಲ್ಲಿ ಅಂದ್ಲು."

ಆ ದನಿ ನನಗೆ ಗೊತ್ತು. ಎಷ್ಟು ರಾತ್ರಿಗಳಿಂದ ಈ ಫೋನಿನಲ್ಲಿ ಅದೇ ತುಂಬಿದೆ.

"ಮಂಪರಲ್ಲಿದಾಳೆ ಭಾವ. ಮಂಪರಲ್ಲಿ ಬಾಯಿಗೆ ಏನೇನೋ ಬರತ್ತೆ."

"ನೀನು ಎದ್ದಾಗ ಸರಿಯಾಗೇ ಮಾತಾಡಿದ್ದೆ."

"ನನ್ನ ವಿಷಯ ಬಿಡಿ. ಬೆಳಿಗ್ಗೆಯಿಂದ ನಿಮ್ಮದೇ ಜಪ ಮಾಡಿ ನನ್ನ ತಲೆ ತಿಂದು ಹಾಕಿದಾಳೆ. ತಿಂದ್ರಾ, ಸೊಂಟದ ಪಟ್ಟಿ ಕಟ್ಕೊಂಡ್ರಾ, ಕಾಲುಚೀಲ ಹಾಕ್ಕೊಂಡ್ರಾ."

"ಕಾಲುಚೀಲ ಕೇಳಿದ್ಲಾ?"

"ಎರಡೆರಡು ಸಲ."

ಉಸಿರು ಬಿಟ್ಟದ್ದು ಕೇಳಿಸಿತು. "ಇನ್ನೇನ್ ಕೇಳಿದ್ಲು?"

ಯಂತ್ರ ನಿಂತು ಕೆಂಪು ದೀಪ ಹತ್ತಿತ್ತು. ಸೂಪರ್‌ವೈಸರಮ್ಮ ದೂರದಿಂದ ಕೈ ಬೀಸುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿ ನಿಂತು, ಅಕ್ಕ ಕೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಅದು ಮುಗಿದ ಮೇಲೆ, ಕೇಳದೇ ಇದ್ದದ್ದನ್ನೂ ಒಂದೆರಡು ಸೇರಿಸಿದೆ.